ಅಳಿಸಲು ಸಹಿ ಹಾಕುವವರು ಯಾರು?

ಪೀಣ್ಯ, ಬೈಕಂಪಾಡಿ, ಉದ್ಯಮಬಾಗ್, ಗೋಕುಲ ರಸ್ತೆ, ಮಾಚೇನಹಳ್ಳಿಯ ಸಣ್ಣ ಮತ್ತು ಮಧ್ಯಮ ಉದ್ಯಮಗಳ ಮಾಲೀಕರಿಗೆ ಬಹಿರಂಗ ಪತ್ರ



ಡಿಸ್ಕ್ ತುಂಬಿದ ದಿನ ನಿಮ್ಮ ಕಚೇರಿಗಳಲ್ಲಿ ನಡೆಯುವ ಮಾತುಕತೆ ಬಹುಮಟ್ಟಿಗೆ ಒಂದೇ ತರದ್ದು. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಕ್ಯಾಬಿನ್ ಬಾಗಿಲಲ್ಲಿ ನಿಂತು, "ಸರ್, ಸರ್ವರ್ ಫುಲ್ ಆಗಿದೆ" ಅನ್ನುತ್ತಾನೆ. "ಏನ್ ಮಾಡ್ಬೇಕು?" "ಇನ್ನೊಂದು ಡಿಸ್ಕ್ ಹಾಕ್ಬೇಕು ಸರ್." "ಎಷ್ಟಾಗುತ್ತೆ?" ಅವನು ಹೇಳುವ ಮೊತ್ತ ಒಂದು ಲೋಡ್ ಕಬ್ಬಿಣದ ಬಿಲ್ಲಿನ ಮುಂದೆ ಏನೇನೂ ಅಲ್ಲ. "ಸರಿ, ತರಿಸು." ಅಲ್ಲಿಗೆ ಮುಗಿಯಿತು. ಆ ಡಿಸ್ಕಿನಲ್ಲಿ ಇರುವುದೇನು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಈ ಪತ್ರ ಇರುವುದು ಆ ಕೇಳದ ಪ್ರಶ್ನೆಯ ಬಗ್ಗೆ. ಹೆಚ್ಚುವರಿ ಡೇಟಾ ಎಂದರೆ ಜಾಗದ ಸಮಸ್ಯೆ ಎಂದು ನೀವು ಭಾವಿಸಿದ್ದೀರಿ. ಆದ್ದರಿಂದ ಅದನ್ನು ಕಂಪ್ಯೂಟರ್ ವಿಭಾಗಕ್ಕೆ ಒಪ್ಪಿಸಿದ್ದೀರಿ. ವಾಸ್ತವದಲ್ಲಿ ಅದು ಯಾರೂ ತೆಗೆದುಕೊಳ್ಳದೆ ಬಿಟ್ಟ ತೀರ್ಮಾನಗಳ ರಾಶಿ. ಆ ತೀರ್ಮಾನಗಳಲ್ಲಿ ಹೆಚ್ಚಿನವು ತಾಂತ್ರಿಕವಲ್ಲ, ವ್ಯವಹಾರದವು. ಹತ್ತು ವರ್ಷ ಹಿಂದೆ ಬಿಟ್ಟುಹೋದ ಗ್ರಾಹಕನ ಡ್ರಾಯಿಂಗ್ ಇನ್ನೂ ಬೇಕೇ ಬೇಡವೇ ಎಂದು ಹೇಳಬಲ್ಲವರು ನೀವು, ತಿಂಗಳ ಸಂಬಳಕ್ಕೆ ಸರ್ವರ್ ನೋಡಿಕೊಳ್ಳುವವನಲ್ಲ.

ಡಿಸ್ಕ್ ಅಗ್ಗ ಎಂಬುದು ತೀರ ಈಚಿನ ಸಂಗತಿ. 1956ರಲ್ಲಿ ಐಬಿಎಂ ಕಂಪನಿ ತಂದ ರಾಮ್ಯಾಕ್ ಯಂತ್ರದ ಡಿಸ್ಕ್ ಘಟಕ ಒಂದು ಟನ್ ಆಸುಪಾಸು ತೂಗುತ್ತಿತ್ತು. 24 ಇಂಚಿನ 50 ತಟ್ಟೆಗಳಲ್ಲಿ ಅದು ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ, ಅಂದರೆ ಇವತ್ತಿನ ಫೋನಿನಲ್ಲಿ ತೆಗೆದ ಒಂದೆರಡು ಫೋಟೊಗಳಷ್ಟು. ಬಾಡಿಗೆ ತಿಂಗಳಿಗೆ 3,200 ಡಾಲರ್. ಅಂಥ ಕಾಲದಲ್ಲಿ ಒಂದೊಂದು ಅಕ್ಷರಕ್ಕೂ ಲೆಕ್ಕವಿತ್ತು. ಇಸವಿಯನ್ನು ನಾಲ್ಕು ಅಂಕಿಯಲ್ಲಿ ಬರೆಯುವುದೂ ದುಂದು ಅನಿಸಿ ಎರಡೇ ಅಂಕಿಗೆ ಇಳಿಸಿದರು. ಆ ಜಿಪುಣತನದ ಬಾಕಿ 2000ನೇ ಇಸವಿ ಹತ್ತಿರವಾದಾಗ ವೈಟುಕೆ ಎಂಬ ಹೆಸರಿನಲ್ಲಿ ಎದ್ದು ನಿಂತಿತು. ಅದನ್ನು ರಿಪೇರಿ ಮಾಡುವ ಕೆಲಸದ ಒಂದು ಪಾಲು ಬಂದದ್ದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ. ಒಂದು ಪೀಳಿಗೆಯ ಅತಿ ಮಿತವ್ಯಯದಿಂದ ಅನ್ನ ಕಂಡ ಊರಿನಲ್ಲಿ ಈಗ ಅದರ ತದ್ವಿರುದ್ಧದ ಚಟ ಬೆಳೆದಿದೆ: ಏನನ್ನೂ ಬಿಸಾಡದಿರುವುದು.

ಅದು ಬೆಳೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ನಿಮ್ಮ ಡಿಸೈನ್ ವಿಭಾಗದ ಫೋಲ್ಡರ್ 100 ಜಿಬಿ ಇದೆ ಎನ್ನೋಣ. ಪ್ರತಿ ರಾತ್ರಿ ಅದರ ಪೂರ್ತಿ ಪ್ರತಿ ತೆಗೆದು 30 ದಿನ ಇಟ್ಟುಕೊಂಡರೆ 3 ಟಿಬಿ ಆಯಿತು. ದಿನಕ್ಕೆ ನಿಜವಾಗಿ ಬದಲಾಗುವುದು ಒಂದೋ ಎರಡೋ ಜಿಬಿ, ಮಿಕ್ಕಿದ್ದೆಲ್ಲ ನಿನ್ನೆಯದೇ. ಇದರ ಜೊತೆಗೆ ಹೊಸ ಸಾಫ್ಟ್‌ವೇರ್ ಪರೀಕ್ಷಿಸಲು ಮಾಡಿಕೊಂಡು ಮರೆತ ಪ್ರತಿ ಒಂದು, ಕೆಲಸ ಬಿಟ್ಟುಹೋದ ಇಂಜಿನಿಯರನ ಲ್ಯಾಪ್‌ಟಾಪಿನ ಪೂರ್ತಿ ಪ್ರತಿ ಒಂದು, "ಯಾವುದಕ್ಕೂ ಇರಲಿ" ಎಂದು ಹೊರಗಿನ ಡಿಸ್ಕಿಗೆ ಹಾಕಿದ್ದು ಇನ್ನೊಂದು. 'ಫೈನಲ್', 'ಫೈನಲ್ 2', 'ಫೈನಲ್ ಕರೆಕ್ಟೆಡ್' ಎಂಬ ಮೂರು ಡ್ರಾಯಿಂಗುಗಳಲ್ಲಿ ಯಾವುದು ಶಾಪ್‌ಫ್ಲೋರಿಗೆ ಹೋಯಿತು ಎಂದು ಹೇಳಬಲ್ಲವನು ನಿವೃತ್ತನಾಗಿ ಊರಿಗೆ ಹೋಗಿರುತ್ತಾನೆ. ಗ್ರಾಹಕರು ಕಳಿಸಿದ ಪರ್ಚೇಸ್ ಆರ್ಡರುಗಳು ವಾಟ್ಸ್‌ಆ್ಯಪ್‌ನಲ್ಲಿ ಬಂದು, ಅಲ್ಲಿಂದ ಇಮೇಲಿಗೆ ಹೋಗಿ, ಇಮೇಲಿನಿಂದ ಡೌನ್‌ಲೋಡ್ ಫೋಲ್ಡರಿಗೆ ಇಳಿದು ಮೂರು ಕಡೆ ಕೂತಿರುತ್ತವೆ.

ಇನ್ನು ಸಿಸಿಟಿವಿ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ ಚಿತ್ರ ಕಳಿಸಿದರೆ ದಿನಕ್ಕೆ 21.6 ಜಿಬಿ. 16 ಕ್ಯಾಮೆರಾಗಳ ಶೆಡ್ಡಿಗೆ ದಿನಕ್ಕೆ ಸುಮಾರು 345 ಜಿಬಿ, ತಿಂಗಳಿಗೆ 10 ಟಿಬಿಗೂ ಹೆಚ್ಚು. ಆದರೆ ವಿಚಿತ್ರ ನೋಡಿ, ಸಿಸಿಟಿವಿಯ ಪೆಟ್ಟಿಗೆ ಯಾವತ್ತೂ "ಫುಲ್ ಆಗಿದೆ" ಎಂದು ದೂರುವುದಿಲ್ಲ. ಅದು ಹಳೆಯದರ ಮೇಲೆ ಹೊಸದನ್ನು ಬರೆದುಕೊಂಡು ಹೋಗುತ್ತದೆ. ಇಡೀ ಕಚೇರಿಯಲ್ಲಿ ಹಳೆಯದನ್ನು ಬಿಡುವ ಧೈರ್ಯವಿರುವುದು ಆ ಯಂತ್ರಕ್ಕೊಂದಕ್ಕೇ, ಅದೂ ಕಣ್ಣುಮುಚ್ಚಿಕೊಂಡು: ಖಾಲಿ ಕಾರಿಡಾರಿನ ಚಿತ್ರವನ್ನೂ ಕ್ರೇನ್ ಅಪಘಾತದ ಚಿತ್ರವನ್ನೂ ಅದು ಒಂದೇ ದಿನ ಅಳಿಸುತ್ತದೆ. ವಿಮೆಯವರು ತಿಂಗಳು ಕಳೆದು ಬಂದು ಕೇಳಿದಾಗ ಏನೂ ಇರುವುದಿಲ್ಲ.

ಬ್ಯಾಕಪ್ ಸಾಫ್ಟ್‌ವೇರ್ ಮಾರುತ್ತಿದ್ದ ವೆರಿಟಾಸ್ ಕಂಪನಿ 2016ರಲ್ಲಿ ಹಲವು ದೇಶಗಳ ಕಂಪನಿಗಳನ್ನು ವಿಚಾರಿಸಿ ಒಂದು ವರದಿ ತಂದಿತ್ತು. ಸಂಗ್ರಹವಾದ ಡೇಟಾದಲ್ಲಿ ಶೇ 52ರಷ್ಟರ ಮೌಲ್ಯವೇನೆಂದು ಇಟ್ಟವರಿಗೇ ತಿಳಿದಿಲ್ಲ, ಶೇ 33 ನಕಲು, ಹಳಸಲು ಅಥವಾ ಕ್ಷುಲ್ಲಕ, ವ್ಯವಹಾರಕ್ಕೆ ನಿಜಕ್ಕೂ ಬೇಕಾದ್ದು ಶೇ 15 ಮಾತ್ರ ಎಂಬುದು ಅದರ ಲೆಕ್ಕ. ಮದ್ದು ಮಾರುವವರೇ ರೋಗ ಅಳೆದರೆ ಅಂಕಿ ಸ್ವಲ್ಪ ಉಬ್ಬಿರಬಹುದು. ಅರ್ಧಕ್ಕೆ ಇಳಿಸಿ ನೋಡಿದರೂ ಸಮಾಧಾನಪಡುವಂಥದ್ದಲ್ಲ.

ಹಾಗಾದರೆ ಕಂಪ್ಯೂಟರ್ ನೋಡಿಕೊಳ್ಳುವ ಆ ಹುಡುಗ ಏಕೆ ಅಳಿಸುವುದಿಲ್ಲ? ಸೋಮಾರಿತನಕ್ಕಲ್ಲ. ಇಟ್ಟುಕೊಂಡದ್ದಕ್ಕೆ ಯಾರೂ ಅವನನ್ನು ಬೈಯುವುದಿಲ್ಲ. ಅಳಿಸಿದ್ದರಲ್ಲಿ ಒಂದೇ ಒಂದು ಫೈಲು ನಾಳೆ ಬೇಕಾಯಿತೋ, ಅವನ ಕೆಲಸಕ್ಕೇ ಸಂಚಕಾರ. ಅವನ ಭಯಕ್ಕೆ ಆಧಾರವೂ ಇದೆ. 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರ್‌ನಲ್ಲಿ ಹತ್ತು ದಿನಕ್ಕಿಂತ ಹಳೆಯ ಲಾಗ್ ಫೈಲುಗಳನ್ನು ಗುಡಿಸಲೆಂದೇ ಇದ್ದ ಒಂದು ಚಿಕ್ಕ ಪ್ರೋಗ್ರಾಮನ್ನು ಸರಬರಾಜುದಾರ ಕಂಪನಿಯವರು ತಿದ್ದಿದರು. ಹಳೆಯ ಪ್ರೋಗ್ರಾಮು ಇನ್ನೂ ಓಡುತ್ತಿರುವಾಗಲೇ ಅದರ ಮೇಲೆ ಹೊಸದನ್ನು ಹಾಕಿದರು. ನಡುದಾರಿಯಲ್ಲಿ ಯಾವ ಫೋಲ್ಡರನ್ನು ಗುಡಿಸಬೇಕೆಂಬ ಮಾಹಿತಿಯೇ ಖಾಲಿಯಾಗಿ, ಅದು ಲಾಗ್‌ಗಳ ಬದಲು ಸಂಶೋಧಕರ ಫೈಲುಗಳನ್ನೇ ಅಳಿಸುತ್ತಾ ಹೋಯಿತು. ಹೋದದ್ದು 77 ಟಿಬಿ, ಸುಮಾರು 3.4 ಕೋಟಿ ಫೈಲುಗಳು. ನಷ್ಟ ಅನುಭವಿಸಿದ 14 ಸಂಶೋಧನಾ ತಂಡಗಳಲ್ಲಿ ನಾಲ್ಕು ತಂಡಗಳ ಫೈಲುಗಳನ್ನು ಬ್ಯಾಕಪ್‌ನಿಂದಲೂ ಮರಳಿ ತರಲಾಗಲಿಲ್ಲ. ತಪ್ಪು ಪೂರ್ತಿ ತಮ್ಮದೇ ಎಂದು ಸರಬರಾಜುದಾರರು ಒಪ್ಪಿಕೊಂಡರು. ಕಸ ಗುಡಿಸಲು ಹೋದವರ ಕಥೆಯೇ ಹೀಗಾದರೆ, ಬಾಯಿಮಾತಿನ ಅಪ್ಪಣೆ ನೆಚ್ಚಿಕೊಂಡು ಕೈಹಾಕಲು ಯಾರಿಗೆ ಧೈರ್ಯ ಬಂದೀತು?

ಆದರೆ ಅಳಿಸದಿರುವುದಕ್ಕೂ ಬೆಲೆಯಿದೆ. ಅದು ಡಿಸ್ಕಿನ ಬಿಲ್ಲಿನಲ್ಲಿ ಕಾಣುವುದಿಲ್ಲ, ಅಷ್ಟೇ.

2023ರ ಮಾರ್ಚಿನಲ್ಲಿ ಆಸ್ಟ್ರೇಲಿಯಾದ ಲ್ಯಾಟಿಟ್ಯೂಡ್ ಎಂಬ ಸಾಲ ಕೊಡುವ ಕಂಪನಿಯೊಳಕ್ಕೆ ಕಳ್ಳರು ನುಗ್ಗಿದರು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಜನರ 79 ಲಕ್ಷ ಡ್ರೈವಿಂಗ್ ಲೈಸೆನ್ಸ್ ಸಂಖ್ಯೆಗಳು ಹೋದವು. ಅದಲ್ಲದೆ ಇನ್ನೂ 61 ಲಕ್ಷ ದಾಖಲೆಗಳು. ಅವುಗಳಲ್ಲಿ ಕೆಲವು 2005ರಷ್ಟು ಹಳೆಯವು, 57 ಲಕ್ಷ ದಾಖಲೆಗಳು 2013ಕ್ಕಿಂತ ಮೊದಲು ಜನರು ಕೊಟ್ಟವು. ಎಂದೋ ಸಾಲ ತೀರಿಸಿ ಆ ಕಂಪನಿಯ ಹೆಸರನ್ನೇ ಮರೆತಿದ್ದವರಿಗೂ ನಿಮ್ಮ ವಿಳಾಸ, ಹುಟ್ಟಿದ ದಿನಾಂಕ ಕಳವಾಗಿದೆ ಎಂಬ ಪತ್ರ ಬಂತು. ಆ ಹಳೆಯ ದಾಖಲೆಗಳಿಂದ ಕಂಪನಿ ಗಳಿಸುತ್ತಿದ್ದುದು ಏನೂ ಇಲ್ಲ. ಕಳ್ಳರಿಗೆ ಮಾತ್ರ ಅವು ಹೊಸ ದಾಖಲೆಗಳಷ್ಟೇ ಉಪಯುಕ್ತ, ಏಕೆಂದರೆ ಹುಟ್ಟಿದ ದಿನಾಂಕ ಹಳೆಯದಾಗುವುದಿಲ್ಲ.

ಅಮೆರಿಕದ ಮೋರ್ಗನ್ ಸ್ಟ್ಯಾನ್ಲಿ ಬ್ಯಾಂಕಿನದು ಇನ್ನೊಂದು ಬಗೆ. ಅವರು ಹಳೆಯ ಸರ್ವರುಗಳನ್ನು ವಿಲೇವಾರಿ ಮಾಡಲು ಹೊರಟರು, ಆದರೆ ಡೇಟಾ ನಾಶಪಡಿಸುವ ಅನುಭವವೇ ಇಲ್ಲದ ಸಾಗಣೆ ಕಂಪನಿಯೊಂದಕ್ಕೆ ಆ ಕೆಲಸ ಒಪ್ಪಿಸಿದರು. ಗ್ರಾಹಕರ ವಿವರಗಳು ಇನ್ನೂ ಒಳಗಿದ್ದಂತೆಯೇ ಕೆಲವು ಡಿಸ್ಕುಗಳು ಇಂಟರ್ನೆಟ್ ಹರಾಜಿನಲ್ಲಿ ಮಾರಾಟವಾದವು. ಕೊಂಡವನೊಬ್ಬ ತಾನೇ ಬ್ಯಾಂಕಿಗೆ ಬರೆದು ತಿಳಿಸಬೇಕಾಯಿತು! ಮತ್ತೊಂದು ಗುಂಪಿನ ಸರ್ವರುಗಳಲ್ಲಿ ಎನ್‌ಕ್ರಿಪ್ಶನ್ ಸೌಲಭ್ಯ ಇದ್ದೂ ವರ್ಷಗಟ್ಟಲೆ ಅದನ್ನು ಚಾಲೂ ಮಾಡಿರಲಿಲ್ಲ. ಸುಮಾರು ಒಂದೂವರೆ ಕೋಟಿ ಗ್ರಾಹಕರ ಮಾಹಿತಿ ಹೀಗೆ ಅಪಾಯಕ್ಕೆ ಸಿಕ್ಕಿತೆಂದು ಅಲ್ಲಿನ ಷೇರುಪೇಟೆ ನಿಯಂತ್ರಕರು 2022ರಲ್ಲಿ 3.5 ಕೋಟಿ ಡಾಲರ್ ದಂಡ ಹಾಕಿದರು. ನಿಮ್ಮ ಕಚೇರಿಯ ಹಳೆ ಕಂಪ್ಯೂಟರುಗಳು ಆಯುಧಪೂಜೆಗೆ ಮುಂಚೆ ಗುಜರಿಯವನ ಗಾಡಿ ಹತ್ತುವಾಗ ಒಳಗಿನ ಡಿಸ್ಕ್ ಯಾರು ಬಿಚ್ಚಿಟ್ಟುಕೊಂಡರು ಎಂಬುದನ್ನು ಒಮ್ಮೆ ವಿಚಾರಿಸಿ.

ಕಳವೂ ಇಲ್ಲ, ಗುಜರಿಯೂ ಇಲ್ಲ, ಸುಮ್ಮನೆ ಇಟ್ಟುಕೊಂಡದ್ದಕ್ಕೇ ದಂಡ ಬಿದ್ದ ಪ್ರಸಂಗವೂ ಉಂಟು. ಬರ್ಲಿನ್ನಿನ ಡಾಯ್ಚೆ ವೋನೆನ್ ಎಂಬ ಬಾಡಿಗೆ ಮನೆಗಳ ದೊಡ್ಡ ಕಂಪನಿ ಬಾಡಿಗೆದಾರರ ಸಂಬಳದ ಚೀಟಿ, ಬ್ಯಾಂಕ್ ವಿವರಗಳನ್ನೆಲ್ಲ ಒಂದು ಡಿಜಿಟಲ್ ಸಂಗ್ರಹದಲ್ಲಿ ಇಡುತ್ತಿತ್ತು. ಆ ವ್ಯವಸ್ಥೆಯಲ್ಲಿ ಬೇಡವಾದದ್ದನ್ನು ಅಳಿಸುವ ಅವಕಾಶವೇ ಇರಲಿಲ್ಲ. 2017ರಲ್ಲಿ ಪರಿಶೀಲಿಸಿ ಎಚ್ಚರಿಸಿದ ಅಧಿಕಾರಿಗಳು 2019ರಲ್ಲಿ ಮತ್ತೆ ಬಂದು ನೋಡಿ 1.45 ಕೋಟಿ ಯೂರೊ ದಂಡ ವಿಧಿಸಿದರು. ಆ ವ್ಯಾಜ್ಯ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೂ ಎಳೆಯಿತು.

ಇವೆಲ್ಲ ದೊಡ್ಡವರ ಮನೆಯ ಸುದ್ದಿ ಅನ್ನಬಹುದು. ನಿಮ್ಮ ಅಳತೆಯದು ಇಲ್ಲಿದೆ. ರ‍್ಯಾನ್ಸಮ್‌ವೇರ್ ಬಡಿದು ಸರ್ವರ್ ಲಾಕ್ ಆಯಿತು, ಕ್ಲೌಡ್ ಬ್ಯಾಕಪ್‌ನಿಂದ ಎಲ್ಲವನ್ನೂ ಮರಳಿ ಇಳಿಸಬೇಕು ಎನ್ನಿ. ಸೆಕೆಂಡಿಗೆ 100 ಮೆಗಾಬಿಟ್ ಲೈನಿನಲ್ಲಿ, ಅದು ಎಲ್ಲೂ ತಡೆಯದೆ ಪೂರ್ತಿ ವೇಗದಲ್ಲಿ ಓಡಿದರೆ, 1 ಟಿಬಿ ಇಳಿಯಲು 22 ಗಂಟೆ ಬೇಕು. 10 ಟಿಬಿಗೆ ಒಂಬತ್ತು ದಿನ ಮೀರುತ್ತದೆ. ವ್ಯವಹಾರ ನಡೆಸಲು ಬೇಕಾದ 1 ಟಿಬಿ ಆ ಹತ್ತರಲ್ಲಿ ಎಲ್ಲಿದೆ ಎಂದು ಗೊತ್ತಿದ್ದರೆ ಮರುದಿನ ಬಿಲ್ ಹೊಡೆಯಬಹುದು. ಗೊತ್ತಿಲ್ಲದಿದ್ದರೆ ಮದುವೆ ಫೋಟೊಗಳೂ 2014ರ ಎಗ್ಸಿಬಿಷನ್ ವಿಡಿಯೊಗಳೂ ಇಳಿದು ಮುಗಿಯುವವರೆಗೆ ಡಿಸ್ಪ್ಯಾಚ್ ಕಾಯಬೇಕು.

ಅಳಿಸಿ ಎಂದರೆ ಎಲ್ಲವನ್ನೂ ಎಂದಲ್ಲ, ಕಾನೂನು ಬಿಡುವುದೂ ಇಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕದ ಪುಸ್ತಕಗಳು ಎಂಟು ಹಣಕಾಸು ವರ್ಷ ಇರಬೇಕು. ಎಲೆಕ್ಟ್ರಾನಿಕ್ ಲೆಕ್ಕಗಳ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ದಿನನಿತ್ಯ ಆಗಬೇಕೆಂದು 2022ರಲ್ಲಿ ನಿಯಮ ತಿದ್ದಿದರು. 2023ರ ಏಪ್ರಿಲ್ 1ರಿಂದ, ನಮೂದನ್ನು ಯಾರು ಯಾವಾಗ ತಿದ್ದಿದರು ಎಂಬ ಜಾಡನ್ನೂ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್ ಉಳಿಸಬೇಕು. ನಿಮ್ಮಲ್ಲಿ ಹೆಚ್ಚಿನವರು ಬಳಸುವ, ಬೆಂಗಳೂರಿನದೇ ಆದ ಟ್ಯಾಲಿಯಲ್ಲಿ ಎಡಿಟ್ ಲಾಗ್ ಎಂದು ಕಾಣಿಸಿಕೊಂಡದ್ದು ಇದೇ. ಜಿಎಸ್‌ಟಿ ಕಾಯ್ದೆಯ ಅವಧಿ ಬೇರೆ: ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು. 2023-24ರ ರಿಟರ್ನಿಗೆ ಕೊನೆಯ ದಿನ 2024ರ ಡಿಸೆಂಬರ್ 31 ಆಗಿತ್ತು. ಆ ವರ್ಷದ ಇನ್‌ವಾಯ್ಸುಗಳನ್ನು 2030ರ ಡಿಸೆಂಬರ್ 31ರವರೆಗೆ ಮುಟ್ಟುವಂತಿಲ್ಲ. ಕೇಸು ನಡೆಯುತ್ತಿದ್ದರೆ ಇನ್ನೂ ಮುಂದಕ್ಕೆ. ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ವಿಮಾನದ ಬಿಡಿಭಾಗ ಮಾಡಿಕೊಡುವವರಿಗೆ ಗ್ರಾಹಕರ ಕರಾರೇ ಇವೆಲ್ಲಕ್ಕಿಂತ ಉದ್ದದ ಅವಧಿ ಹೇಳಬಹುದು.

ಇವು ಇಟ್ಟುಕೊಳ್ಳಿ ಎನ್ನುವ ಕಾನೂನುಗಳು. ಬಿಡಿ ಎನ್ನುವ ಕಾನೂನೂ ಈಗ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ, ಒಬ್ಬರ ವಿವರವನ್ನು ಯಾವ ಉದ್ದೇಶಕ್ಕೆ ಪಡೆದಿರೋ ಅದು ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದಿದ್ದರೆ, ಅಳಿಸಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದಿವೆ. ಮುಖ್ಯ ಹೊಣೆಗಳು ಜಾರಿಗೆ ಬರಲು ಅಂದಿನಿಂದ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ವೈಯಕ್ತಿಕ ಮಾಹಿತಿ ಕಾಪಾಡುವುದರಲ್ಲಿ ಎಡವಿದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ನಿಮ್ಮ ಗಾತ್ರದವರಿಗೆ ಅಷ್ಟು ಹಾಕಲಾರರು, ನಿಜ. ಆದರೆ ಇನ್‌ವಾಯ್ಸ್ ಇರುವ ಫೋಲ್ಡರಿನಲ್ಲೇ ಗುತ್ತಿಗೆ ಕಾರ್ಮಿಕರ ಆಧಾರ್ ಪ್ರತಿಗಳೂ ಇದ್ದರೆ, ಒಂದು ಕಾನೂನು ಇಡು ಎನ್ನುವುದನ್ನೂ ಇನ್ನೊಂದು ಅಳಿಸು ಎನ್ನುವುದನ್ನೂ ಬೇರೆಮಾಡುವುದೇ ದೊಡ್ಡ ತಲೆನೋವು.

ಕಾಲಮಿತಿ ಮುಗಿದರೂ ಮುಟ್ಟಬಾರದ ಸಂದರ್ಭ ಒಂದಿದೆ: ವ್ಯಾಜ್ಯ. ಅಮೆರಿಕದಲ್ಲಿ ಲಾರಾ ಝುಬುಲೇಕ್ ಎಂಬ ಉದ್ಯೋಗಿ ಯುಬಿಎಸ್ ಬ್ಯಾಂಕಿನ ಮೇಲೆ ಲಿಂಗ ತಾರತಮ್ಯದ ದಾವೆ ಹೂಡಿದರು. ಇಮೇಲುಗಳನ್ನು ಉಳಿಸಿ ಎಂದು ವಕೀಲರು ಹೇಳಿದ ಮೇಲೂ ಕೆಲವರು ಅಳಿಸಿದ್ದು ಬಯಲಾಯಿತು. ಅಳಿಸಿದ್ದರಲ್ಲಿ ಬ್ಯಾಂಕಿಗೆ ವಿರುದ್ಧವಾದದ್ದೇ ಇತ್ತೆಂದು ಭಾವಿಸಬಹುದು ಎಂದು ನ್ಯಾಯಾಧೀಶರು ಜ್ಯೂರಿಗೆ ತಿಳಿಸಿದರು. 2005ರಲ್ಲಿ ಜ್ಯೂರಿ ಕೊಡಿಸಿದ ಪರಿಹಾರ 2.93 ಕೋಟಿ ಡಾಲರ್. ಆದ್ದರಿಂದ ನೋಟಿಸು ಬಂದ ದಿನವೇ ಆ ವಿಷಯದ ಫೈಲುಗಳ ಮೇಲೆ ಅಳಿಸುವ ಕೆಲಸ ನಿಲ್ಲಬೇಕು. ನೋಟಿಸು ಬರುವುದು ನಿಮ್ಮ ಮೇಜಿಗೆ; ಸರ್ವರ್ ಕೋಣೆಗೆ ಅದು ತಾನಾಗಿ ಗೊತ್ತಾಗುವುದಿಲ್ಲ.

ಇದಕ್ಕೆಲ್ಲ ಯಂತ್ರವೇ ಪರಿಹಾರ ಎಂದು ಮಾರಲು ಬರುವವರು ನಿಮ್ಮ ಬಾಗಿಲಿಗೂ ಬಂದಿರುತ್ತಾರೆ. ಅವರ ಸರಕು ಸುಳ್ಳಲ್ಲ. 2002ರಲ್ಲಿ ಬೆಲ್ ಲ್ಯಾಬ್ಸ್‌ನ ಇಬ್ಬರು ವೆಂಟಿ ಎಂಬ ಸಂಗ್ರಹ ವ್ಯವಸ್ಥೆಯನ್ನು ವಿವರಿಸಿದರು: ಡೇಟಾದ ಪ್ರತಿ ತುಣುಕಿಗೂ ಗಣಿತದ ಒಂದು ಬೆರಳಚ್ಚು ತೆಗೆದು, ಅದೇ ಬೆರಳಚ್ಚು ಆಗಲೇ ಇದ್ದರೆ ತುಣುಕನ್ನು ಮತ್ತೆ ಬರೆಯದಿರುವುದು. ಇದೇ ಬಗೆಯ ಡಿಡುಪ್ಲಿಕೇಷನ್ ಮಾರುತ್ತಿದ್ದ ಡೇಟಾ ಡೊಮೈನ್ ಕಂಪನಿಗಾಗಿ 2009ರಲ್ಲಿ ಇಎಂಸಿ ಮತ್ತು ನೆಟ್‌ಆ್ಯಪ್ ಎಂಬ ಸ್ಟೋರೇಜ್ ಕಂಪನಿಗಳು ಪೈಪೋಟಿಗೆ ಬಿದ್ದು, ಕೊನೆಗೆ ಇಎಂಸಿ ಸುಮಾರು 210 ಕೋಟಿ ಡಾಲರಿಗೆ ಕೊಂಡಿತು. ಮೇಲೆ ಹೇಳಿದ 30 ರಾತ್ರಿಗಳ 3 ಟಿಬಿ ಈ ಉಪಾಯದಿಂದ 150 ಜಿಬಿ ಆಸುಪಾಸಿಗೆ ಇಳಿದೀತು. ಆದರೆ ಸಿಸಿಟಿವಿ ವಿಡಿಯೊ, ಜೆಪೆಗ್ ಫೋಟೊ, ಎನ್‌ಕ್ರಿಪ್ಟ್ ಆದ ಫೈಲುಗಳ ಮೇಲೆ ಅದರ ಆಟ ಹೆಚ್ಚು ನಡೆಯುವುದಿಲ್ಲ. ಬೇಡದ ಫೈಲು ಹತ್ತು ಪ್ರತಿಯ ಬದಲು ಒಂದೇ ಪ್ರತಿ ಇದ್ದರೂ ಅದು ಬೇಡದ್ದೇ. ಕಳ್ಳನಿಗೆ ಒಂದು ಸಾಕು.

ಕ್ಲೌಡ್‌ನಲ್ಲಿ ಮೋಸಹೋಗುವ ಜಾಗಗಳು ಬೇರೆ. ಅಮೆಜಾನಿನ ಎಸ್3 ಸಂಗ್ರಹ ಸೇವೆಯಲ್ಲಿ ಹಳೆಯ ಆವೃತ್ತಿಗಳನ್ನು ಉಳಿಸುವ ಸೌಲಭ್ಯ ಚಾಲೂ ಇದ್ದರೆ, ನೀವು ಡಿಲೀಟ್ ಒತ್ತಿದಾಗ ಫೈಲಿನ ಮೇಲೆ ಒಂದು ಗುರುತು ಬೀಳುತ್ತದೆ, ಅಷ್ಟೇ. ಹಳೆಯ ಆವೃತ್ತಿ ಅಲ್ಲೇ ಇದ್ದು ಬಾಡಿಗೆ ಏರುತ್ತಲೇ ಇರುತ್ತದೆ. ಅರ್ಧಕ್ಕೆ ನಿಂತ ಅಪ್‌ಲೋಡುಗಳ ತುಂಡುಗಳೂ ಪಟ್ಟಿಯಲ್ಲಿ ಕಾಣದೆ ಬಿಲ್ಲಿನಲ್ಲಿ ಮಾತ್ರ ಕಾಣುತ್ತವೆ. ಇಂತಿಷ್ಟು ದಿನದ ನಂತರ ಅಗ್ಗದ ಕಪಾಟಿಗೆ ಸರಿಸು, ಇಂತಿಷ್ಟು ದಿನದ ನಂತರ ಅಳಿಸು ಎಂಬ ನಿಯಮ ಅಲ್ಲೇ ಬರೆದಿಡಬಹುದು. ಎಷ್ಟು ದಿನ ಎಂಬ ಖಾಲಿ ಜಾಗವನ್ನು ಅಮೆಜಾನ್ ತುಂಬಿಕೊಡುವುದಿಲ್ಲ. ಮಿತಿಯೇ ಇಲ್ಲದ ಜಾಗ ಕೊಡುತ್ತೇವೆ ಎಂದಿದ್ದವರೂ ಹಿಂದೆಗೆದಿದ್ದಾರೆ: ಡ್ರಾಪ್‌ಬಾಕ್ಸ್ ತನ್ನ ಅಂಥ ವ್ಯಾಪಾರಿ ಯೋಜನೆಯನ್ನು 2023ರ ಆಗಸ್ಟಿನಲ್ಲಿ ನಿಲ್ಲಿಸಿತು. ಕೆಲವರು ಅದನ್ನು ಕ್ರಿಪ್ಟೊ ಗಣಿಗಾರಿಕೆಗೂ ಮರುಮಾರಾಟಕ್ಕೂ ಬಳಸುತ್ತಿದ್ದರಂತೆ.

ಹಾಗಾದರೆ ಮಾಡಬೇಕಾದ್ದೇನು? ಮಾದರಿಗೆ ದೂರ ಹೋಗಬೇಕಿಲ್ಲ. ನೀವು ಸದಾ ಬೈಯುವ ಸರ್ಕಾರಿ ಕಚೇರಿಯಲ್ಲೇ ಇದೆ. ಅಲ್ಲಿ ಕಡತ ಮುಕ್ತಾಯವಾದಾಗ ಅದಕ್ಕೊಂದು ವರ್ಗ ಬೀಳುತ್ತದೆ: ಎ ವರ್ಗದ್ದು ಶಾಶ್ವತ, ಕೆಳಗಿನ ವರ್ಗಗಳಿಗೆ ಒಂದೊಂದು ಕಾಲಮಿತಿ. ಮಿತಿ ಮುಗಿದವುಗಳ ಪಟ್ಟಿ ಮಾಡಿ, ಅಧಿಕಾರಿಯ ಸಹಿ ಪಡೆದು ನಾಶಪಡಿಸುವುದು ಪದ್ಧತಿ. ಎಷ್ಟು ಕಚೇರಿಗಳಲ್ಲಿ ಸರಿಯಾಗಿ ನಡೆಯುತ್ತದೆ ಎಂಬುದು ಬೇರೆ ಮಾತು. ಆ ಪದ್ಧತಿಯಲ್ಲಿ ಒಂದು ತಿಳಿವಳಿಕೆಯಿದೆ: ಎಷ್ಟು ಕಾಲ ಇರಬೇಕೆಂಬ ತೀರ್ಮಾನ ಕಡತ ಮುಚ್ಚುವಾಗಲೇ ಆಗುತ್ತದೆ, ಜಾಗ ತುಂಬಿದಾಗ ಅಲ್ಲ, ಅದಕ್ಕೆ ಸಹಿ ಹಾಕಿದವರ ಹೆಸರು ಇರುತ್ತದೆ.

ನಿಮಗೆ ಒಂದು ಹಾಳೆ ಸಾಕು. ಇನ್‌ವಾಯ್ಸ್, ಡ್ರಾಯಿಂಗ್, ಟೆಸ್ಟ್ ಸರ್ಟಿಫಿಕೇಟ್, ಸಂಬಳದ ದಾಖಲೆ, ಇಮೇಲ್, ಸಿಸಿಟಿವಿ, ಹೀಗೆ ಹದಿನೈದಿಪ್ಪತ್ತು ಸಾಲು. ಪ್ರತಿ ಸಾಲಿನ ಮುಂದೆ ಎಷ್ಟು ವರ್ಷ, ಯಾವ ಕಾನೂನಿಗಾಗಿ ಅಥವಾ ಯಾವ ಗ್ರಾಹಕನಿಗಾಗಿ, ಅಸಲಿ ಪ್ರತಿ ಎಲ್ಲಿ, ಕೇಳಿದರೆ ಉತ್ತರ ಹೇಳುವವರು ಯಾರು. ಕೆಳಗೆ ನಿಮ್ಮ ಸಹಿ. ವರ್ಷಗಳ ಕಾಲಮನ್ನು ಆಡಿಟರ್ ತುಂಬಿಸಿಕೊಡಲಿ. ಟ್ಯಾಕ್ಸ್ ಆಡಿಟ್‌ಗೆ ಬಂದಾಗ ಅವರ ಮುಂದೆ ಇದನ್ನೂ ಇಡಿ. ಡ್ರಾಯಿಂಗಿನ ಸಾಲಿನಲ್ಲಿ ಪ್ರೊಡಕ್ಷನ್ ಮ್ಯಾನೇಜರರೂ ಮಾರಾಟದವರೂ ಜಗಳವಾಡುತ್ತಾರೆ. ಆಡಲಿ, ಆ ಜಗಳ ಇಷ್ಟು ವರ್ಷ ನಡೆಯದೆ ಇದ್ದದ್ದರಿಂದಲೇ ಡಿಸ್ಕ್ ತುಂಬಿದ್ದು.

ಹಾಳೆ ಆದ ಮೇಲೂ ಒಂದೇ ಏಟಿಗೆ ಅಳಿಸಬೇಡಿ. ಮಿತಿ ಮುಗಿದದ್ದನ್ನು ಮೊದಲು ಬೇರೊಂದು ಡಿಸ್ಕಿಗೆ ಸರಿಸಿ, ಯಾರಿಗೂ ಕಾಣದಂತೆ ಬೀಗ ಹಾಕಿ, ಮೂರು ತಿಂಗಳು ಕಾಯಿರಿ. ಯಾರೂ ಕೇಳದಿದ್ದರೆ ಪಟ್ಟಿ ಮುದ್ರಿಸಿ ಸಹಿ ಹಾಕಿ. ಅದಕ್ಕೂ ಮುಂಚೆ, ಉಳಿಯಬೇಕಾದದ್ದರ ಬ್ಯಾಕಪ್ ನಿಜವಾಗಿ ಮರಳಿ ಬರುತ್ತದೆಯೇ ಎಂದು ಪರೀಕ್ಷಿಸಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಅಳಿಸುವ ಆದೇಶ ಕೊಟ್ಟು ಸುಮಾರು 300 ಜಿಬಿ ಡೇಟಾಬೇಸ್ ಕಳೆದರು. ನೋಡಿದರೆ ದಿನನಿತ್ಯದ ಬ್ಯಾಕಪ್ ಎಂದೋ ವಿಫಲವಾಗಿ ಸಂಗ್ರಹ ಖಾಲಿಯಿತ್ತು. ವಿಫಲವಾಗಿದೆ ಎಂದು ತಿಳಿಸುವ ಇಮೇಲುಗಳೂ ತಲುಪಿರಲಿಲ್ಲ. ಬೇರೆ ಕೆಲಸಕ್ಕಾಗಿ ಆರು ಗಂಟೆ ಮೊದಲು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಆ ಅದೃಷ್ಟ ನಿಮಗೂ ಇರುತ್ತದೆಂದು ನಂಬಬೇಡಿ. ತಿಂಗಳಿಗೊಮ್ಮೆ ಟ್ಯಾಲಿಯ ಒಂದು ಹಳೆಯ ಕಂಪನಿ ಫೈಲನ್ನು ಬ್ಯಾಕಪ್‌ನಿಂದ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಲು ಹೇಳಿ.

ಮೊದಲ ಸಾಲು ಯಾವುದಿರಲಿ ಎಂಬ ಯೋಚನೆ ಬೇಡ. ಕೆಲಸಕ್ಕೆಂದು ಬಂದು ಆಯ್ಕೆಯಾಗದೆ ಹೋದವರ ಅರ್ಜಿ, ಫೋಟೊ, ಆಧಾರ್ ಮತ್ತು ಮಾರ್ಕ್ಸ್‌ಕಾರ್ಡ್ ಪ್ರತಿಗಳಿಂದ ಶುರು ಮಾಡಿ. ಅವುಗಳ ಉದ್ದೇಶ ಸಂದರ್ಶನದ ದಿನವೇ ಮುಗಿದಿದೆ, ಯಾವ ಗ್ರಾಹಕರೂ ಅವುಗಳನ್ನು ಕೇಳುವುದಿಲ್ಲ. ಸರ್ವರಿನಲ್ಲಿ ಅಳಿಸಿದರೆ ಮುಗಿಯಲಿಲ್ಲ: ಅದೇ ಫೋಲ್ಡರ್ ಎಚ್‌ಆರ್ ಮೇಜಿನ ಕಂಪ್ಯೂಟರಿನಲ್ಲೂ, ಸೂಪರ್‌ವೈಸರುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲೂ, ಗೇಟಿನ ಸೆಕ್ಯುರಿಟಿಯವನ ಫೋನಿನಲ್ಲೂ ಇರುತ್ತದೆ. ನಾಲ್ಕೂ ಕಡೆ ನೋಡಬೇಕು, ನೋಡಿದವರ ಹೆಸರು ಹಾಳೆಯಲ್ಲಿ ಬರೆಯಬೇಕು.